ಅಡಿಟಿಪ್ಪಣಿ ಮೂವತ್ತೇಳು

ಮೂರನೆಯ ಅಧ್ಯಾಯ ತಿರುಗಿ ಬಂದಿದೆ.
ಪೆನ್ಸಿಲ್ಲಿನಲ್ಲಿ ಒಂದೇ ಪ್ರಶ್ನೆ: ಲೇಖಕರು ಯಾರು?
ಕಲ್ಗುಟಕರ ಸರ್ ಬರೆಯುವುದೇ ಅಷ್ಟು,
ಉಳಿದದ್ದಕ್ಕೆ ಪೆನ್ಸಿಲ್ಲು ಸವೆಸುವವರಲ್ಲ.

ನಾನು ಕೊಟ್ಟಿದ್ದು ಬರಿಯ ಲಿಂಕು.
ಕೀಲಿಮಣೆಯ ಮೇಲೆ ಬೆಕ್ಕು ನಡೆದಂಥ
ಹನ್ನೊಂದು ಅಕ್ಷರ, ಕೆಳಗೊಂದು ನೀಲಿ ಗೆರೆ.
ಕೋಡಿಬಾಗದ ಜೆರಾಕ್ಸ್ ಅಂಗಡಿಯಲ್ಲಿ ಅದೂ ಕಪ್ಪಾಗಿ
ಬೆರಳಿಟ್ಟರೆ ಎಲ್ಲಿಗೂ ಹೋಗದ ಗೆರೆಯಾಯಿತು.

ಸರಿ, ನಿಯಮದ ಪುಸ್ತಕ ತೆರೆದೆ.
ಹಾಕಿದವರು: ‘ಮಾಜಾಳಿ ಶಾರ್ಕ್ಸ್ ಎಪ್ಪತ್ತೇಳು’.
ಶಾರ್ಕ್ಸ್ ಅಡ್ಡಹೆಸರೆ? ಎಪ್ಪತ್ತೇಳು ಹುಟ್ಟಿದ ವರ್ಷವೆ?
ಅಕಾರಾದಿಯಲ್ಲಿ ಇವರು ‘ಮ’ದಲ್ಲೊ, ‘ಶ’ದಲ್ಲೊ?
ಶೀರ್ಷಿಕೆ: ‘ಅಜ್ಜಿ ರಂಪಣಿ ಫುಲ್ ವಿಡಿಯೊ’,
ಅದರ ಬಾಲಕ್ಕೆ ಮೂರು ಬೆಂಕಿಯ ಚಿತ್ರ.
ಇದ್ದದ್ದು ಇದ್ದ ಹಾಗೇ ಕೊಡಬೇಕಂತೆ.
ಬೆಂಕಿಯನ್ನು ಓರೆ ಅಕ್ಷರದಲ್ಲಿ ಬರೆಯುವುದು ಹೇಗೆ?

ಹಾಕಿದ ದಿನ ಗೊತ್ತು. ನೋಡಿದ ದಿನ, ಹನ್ನೆರಡು.
ನಾಲ್ಕು ನಿಮಿಷ ಹನ್ನೆರಡನೆಯ ಸೆಕೆಂಡಿಗೆ
ಆಕೆ ಬಲೆಯ ಸೂಜಿ ನಿಲ್ಲಿಸಿ
ನೀರಿನ ಕಡೆ ಗಲ್ಲ ಎತ್ತುತ್ತಾಳೆ:
‘ಬಂಗಡೆ ಬಂದ್ರೆ ನೀರು ಬೆವರ್ತದೆ.
ಕಣ್ಣು ಸಣ್ಣ ಮಾಡಿ ನೋಡ್ಬೇಕು.’
ಈ ಮಾತಿನ ಮೇಲೆ ನಿಂತಿದೆ ನನ್ನ ಅಧ್ಯಾಯ.
ಅವಳ ಹೆಸರು ಮಾತ್ರ ಎಲ್ಲೂ ಇಲ್ಲ.

‘ಅನಾಮಿಕ’ ಎಂದು ಬರೆದು ನೋಡಿದೆ.
ಎಡಗಡೆ ಒಂದು ಹಲ್ಲಿಲ್ಲದ, ಸೂಜಿಯನ್ನು ಕಿವಿಯ ಮೇಲೆ ಸಿಕ್ಕಿಸುವ
ಒಬ್ಬಳನ್ನು ಹಾಗೆನ್ನಲು ನಾಚಿಕೆಯಾಯಿತು.
ಬಸ್ಸು ಹತ್ತಿದೆ. ಕಾಳಿ ದಾಟಿತು, ಸದಾಶಿವಗಡ ದಾಟಿತು.

ಶಾರ್ಕ್ ಸಿಕ್ಕಿದ. ರೋಯ್ದಾಸ ತಾಂಡೇಲ, ಐಟಿಐ ಎರಡನೇ ವರ್ಷ.
ಎಪ್ಪತ್ತೇಳು ಅವನ ಕಬಡ್ಡಿ ಅಂಗಿಯದು.
‘ವಿಡಿಯೊ ಹೊಡೆದಿದ್ದು ತಂಗಿ. ಮೊಬೈಲಷ್ಟೇ ನಂದು.’
ಏಳನೇ ಕ್ಲಾಸಿನ ತಂಗಿ ನನ್ನ ಪುಸ್ತಕದೊಳಗೆ ಇಣುಕಿ
‘ಊರ್ಮಿಳಾ. ದೀರ್ಘ ಊ’ ಎಂದಳು, ತಿದ್ದಿಸಿದಳು.
ಎರಡು ಕಡೆ ಕೆಮ್ಮು ಕೇಳಿಸುತ್ತದಲ್ಲ, ಅದು ಅವಳದೇ.

ಅಜ್ಜಿ, ಮಾಣಕಿ ಹರಿಕಂತ್ರ.
ಲೇಖಕಿ ನೀವೇ ಅಂತ ಬರೀಲಾ ಎಂದೆ.
ಕೊಂಕಣಿಯಲ್ಲಿ ಬೈಯಲು ಶುರುಮಾಡಿ ಕನ್ನಡಕ್ಕೆ ತಿರುಗಿದಳು:
‘ನನ್ನ ಮಾತೆಲ್ಲಿ ಅದು? ಪಾಂಡು ಹೇಳಿದ್ದು.
ನಾ ಸೊಸೆಯಾಗಿ ಬಂದ ವರ್ಷ,
ಹೊಸ ಹಗ್ಗ ಇಳಿಸಿದ ದಿನ, ಇದೇ ಮರದ ಬುಡದಲ್ಲಿ.
ಅವನಿಗೆ ಹೇಳಿದ್ದು ಅವನ ಮಾವ, ಹಾರವಾಡದವ,
ಒಂದೇ ಕಣ್ಣಿನವ. ನಾನೂ ಆಮೇಲೆ ನೋಡಿದ್ದೇನೆ, ಹೌದು.
ಆದರೆ ಮೊದಲು ಕೇಳಿದ್ದು.
ಇದನ್ನೆಲ್ಲ ಅವತ್ತೇ ಹೇಳಿದ್ದೆನಲ್ಲ, ನೀನು ನೋಡ್ಲಿಲ್ವ?’

ಊರ್ಮಿಳಾ ತನ್ನ ಕಾಲಬೆರಳು ನೋಡಿಕೊಂಡಳು.
‘ಅಣ್ಣ ಕಟ್ ಮಾಡಿದ. ಬೋರ್ ಆಗ್ತದೆ ಅಂತ.’

ನಿಯಮದ ಪುಸ್ತಕವನ್ನು ಚೀಲದೊಳಗೆ ಇನ್ನಷ್ಟು ಕೆಳಗೆ ತಳ್ಳಿದೆ.
ಅಜ್ಜಿ ಬಲೆಯ ಕಣ್ಣು ಎಣಿಸುತ್ತ ತನ್ನಷ್ಟಕ್ಕೆ:
‘ರಂಪಣಿ ಎಳೆದ ದಿನ ಮರಳ ಮೇಲೇ ಪಾಲು.
ದೋಣಿಯವನಿಗೆ, ಬಲೆಯವನಿಗೆ, ಗುಂಪು ಕಂಡು ಕೂಗಿದವನಿಗೆ.
ಹಗ್ಗ ಬರೀ ಮುಟ್ಟಿದ ಪೋರನಿಗೂ ನಾಲ್ಕು ಬಂಗಡೆ.
ಇಲ್ಲದಿದ್ರೆ ನಾಳೆ ಯಾರು ಬರ್ತಾರೆ ಎಳೀಲಿಕ್ಕೆ?’

ಈಗ ಮೂವತ್ತೇಳನೆಯ ಅಡಿಟಿಪ್ಪಣಿ ಅರ್ಧ ಪುಟ.
ಮಾಣಕಿ, ಪಾಂಡು, ಹೆಸರು ಸಿಗದ ಆ ಮಾವ,
ದೀರ್ಘ ಊಕಾರದ ಊರ್ಮಿಳಾ, ಶಾರ್ಕ್, ಬೆಂಕಿ ಮೂರು,
ನಿಮಿಷ, ಸೆಕೆಂಡು, ನೋಡಿದ ದಿನ.
‘ಉದ್ದವಾಯಿತು’ ಎಂದು ಬರೆದಿದ್ದಾರೆ ಸರ್. ಅದನ್ನು ಅಳಿಸಿ
‘ಇರಲಿ’.

ಮೊನ್ನೆ ಕಡೆಯ ಸಲ ಸರಿನೋಡಲು ಒತ್ತಿದರೆ
ಬೂದು ಬಣ್ಣದ ಚೌಕ: ಈ ವಿಡಿಯೊ ಲಭ್ಯವಿಲ್ಲ.
ಫೋನು ಮಾಡಿದೆ. ರೋಯ್ದಾಸನ ಮೊಬೈಲು ಬಂದರಿನ ನೀರಿಗೆ ಬಿದ್ದಿತ್ತಂತೆ,
ಪಾಸ್‌ವರ್ಡು ನೆನಪಿಲ್ಲವಂತೆ, ಚಾನಲ್ಲು ಹೋಯಿತಂತೆ.
ನನಗೆ ಗಂಟಲು ಒಣಗಿತು. ಊರ್ಮಿಳಾ ಏನನ್ನೊ ಅಗಿಯುತ್ತಿದ್ದಳು.
‘ಅದಕ್ಕೇನಕ್ಕಾ, ಅಜ್ಜಿ ಇದ್ದಾಳಲ್ಲ.’

ಲಿಂಕನ್ನು ಹಾಗೇ ಬಿಟ್ಟೆ, ಅಂದು ಇತ್ತು ಎಂಬುದಕ್ಕೆ.
ಅದರ ಮುಂದೆ ಒಂದು ಸಾಲು ಸೇರಿಸಿದೆ:
ಕಾರವಾರದಿಂದ ಮಾಜಾಳಿಗೆ ಬಸ್ಸು,
ಬೆಳಗ್ಗೆ ಏಳೂಕಾಲು.